ಕೈಯಳತೆಯ ನೆಲುವು

"ಬೆನ್ನು ಗ್ವಾಡಿಗೆ ಹಚ್ಚು ದೊಡ್ಡವ್ವ. ನೆಟ್ಟಗ ನಿಂದ್ರು."

"ನೆಟ್ಟಗ ನಿಂತೇನಲ್ಲ," ಎಂದಳು ಉಡಚವ್ವ.

ನಿಂತಿರಲಿಲ್ಲ. ಶಾಲೆಯ ಗೋಡೆಗೆ ಅವಳ ಟೊಂಕ ತಾಗಿತ್ತು, ಬೆನ್ನಿನ ಗೂನು ತಾಗಿತ್ತು. ತಲೆ ಮಾತ್ರ ಗೋಡೆಯಿಂದ ಒಂದು ಗೇಣು ಮುಂದೆ ಉಳಿದು ನೆಲ ನೋಡುತ್ತಿತ್ತು. ಜ್ಯೋತಿಲಕ್ಷ್ಮಿ ಅವಳ ನೆತ್ತಿಯ ಮೇಲೆ ಕಟ್ಟಿಗೆಯ ಪಟ್ಟಿ ಇಟ್ಟು, ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಟೇಪು ಹಿಡಿದು ಓದಿದಳು. ನಾಲ್ಕು ಅಡಿ ಏಳು ಇಂಚು.

"ತಪ್ಪು ಅಳದೀದಿ. ನಾ ಅಷ್ಟು ಗಿಡ್ಡ ಇಲ್ಲ. ಇನ್ನೊಮ್ಮೆ ಅಳಿ."

ಜ್ಯೋತಿಲಕ್ಷ್ಮಿ ಇನ್ನೊಮ್ಮೆ ಅಳೆದಳು. ಗೆರೆ ಇದ್ದಲ್ಲಿಯೇ ಇತ್ತು.

ಎರಡು ಸಾವಿರದ ಆರನೆಯ ಇಸವಿ, ಕಾರ್ತಿಕದ ಒಂದು ರವಿವಾರ. ಎಲುಬಿನ ಗುಳಿಗೆ ಮಾಡುವ ಯಾವುದೋ ಕಂಪನಿಯವರೂ ರಾಣೇಬೆನ್ನೂರಿನ ಎಲುಬಿನ ಡಾಕ್ಟರ್ ವೀರೇಂದ್ರ ಅವರೂ ಕೂಡಿ ಮೋಟೆಬೆನ್ನೂರಿನ ಕನ್ನಡ ಶಾಲೆಯಲ್ಲಿ ಪುಕ್ಕಟೆ ತಪಾಸಣೆ ಇಟ್ಟಿದ್ದರು. ಐವತ್ತು ದಾಟಿದ ಹೆಂಗಸರಿಗೆ ಮಾತ್ರ. ಜ್ಯೋತಿಲಕ್ಷ್ಮಿ ಆ ಡಾಕ್ಟರರ ದವಾಖಾನೆಯಲ್ಲಿ ನಾಲ್ಕು ವರ್ಷದಿಂದ ನರ್ಸು. ಹೆತ್ತದ್ದು ಉಡಚವ್ವನ ನೆಗೆಣ್ಣಿ, ಮೈದುನನ ಹೆಂಡತಿ ಹೊಳಿಯವ್ವನಾದರೂ, ಹನ್ನೆರಡು ವರ್ಷದವರೆಗೆ ಈ ಹುಡುಗಿ ಮಲಗಿದ್ದು ಉಡಚವ್ವನ ಮಗ್ಗುಲಲ್ಲಿ. ಉಡಚವ್ವನಿಗೆ ಮಕ್ಕಳಿರಲಿಲ್ಲ. ಗಂಡ ಮೈಲಾರೆಪ್ಪ ಹೋಗಿ ಇಪ್ಪತ್ತು ವರ್ಷವಾಗಿತ್ತು. "ನೀ ಬರದಿದ್ರ ನಾನ ಬಂದು ಎತ್ತಿಕೊಂಡು ಹೋಗ್ತೇನಿ" ಎಂದು ಜ್ಯೋತಿ ಅಂದದ್ದಕ್ಕೆ ಇವಳು ಶಾಲೆಯವರೆಗೆ ಬಂದದ್ದು. ಇಲ್ಲದಿದ್ದರೆ ಉಡಚವ್ವನನ್ನು ದವಾಖಾನೆಯವರ ಮುಂದೆ ನಿಲ್ಲಿಸುವ ಗಂಡಸು ಹೆಂಗಸು ಆ ಊರಲ್ಲಿ ಯಾರೂ ಇರಲಿಲ್ಲ.

ಪಕ್ಕದ ಕೋಣೆಯಲ್ಲಿ ಒಂದು ಪೆಟ್ಟಿಗೆಯೊಳಗೆ ಹಿಮ್ಮಡಿ ಇಡಬೇಕಿತ್ತು. ಮುಂದೆ ನಿಂತಿದ್ದ ಬಳೆ ಮಾರುವ ಜಾಹೀದಾ ತಿರುಗಿ ನೋಡಿ, "ಹಿಮ್ಮಡ ಇಟ್ರ ಸಾಕಂತ ನೋಡು ಉಡಚವ್ವಾ, ಮೈಯಾಗಿನ ಎಲುಬಿಂದೆಲ್ಲಾ ಜಾತಕ ಹೇಳತೈತಂತ" ಎಂದಳು. ಉಡಚವ್ವ ಹಿಮ್ಮಡಿ ತೊಳೆದುಕೊಂಡು ಬಂದಿದ್ದಳು. ಇಟ್ಟಳು. ಪೆಟ್ಟಿಗೆ ಗುಂಯ್‌ಗುಟ್ಟಿತು, ಒಂದು ಚೀಟಿ ಹೊರಗೆ ಬಂತು.

ಡಾಕ್ಟರು ಚೀಟಿ ನೋಡಿ, ಆಮೇಲೆ ಅವಳನ್ನು ನೋಡಿದರು.

"ಎಲುಬು ಭಾಳ ಟೊಳ್ಳಾಗ್ಯಾವ್ರಿ ಅಮ್ಮಾ. ಹಾಲು ಕುಡೀತೀರೇನು?"

"ಡೇರಿಗೆ ಹಾಕ್ತೀನ್ರಿ."

"ಅದಲ್ರಿ. ನೀವು ಕುಡಿಯೋದು?"

"ಚಾಕ್ಕ ಹಾಕ್ಕೊಂತೀನ್ರಿ. ಒಂದು ಚಮಚ."

"ಎಮ್ಮಿ ಎಷ್ಟು ವರ್ಷದಿಂದ ಕಟ್ಟೀರಿ?"

"ನಾ ಲಗ್ನ ಆಗಿ ಬಂದಾಗಿಂದ್ರಿ. ನಲವತ್ನಾಕು ವರ್ಷ."

ಡಾಕ್ಟರು ನಗಲಿಲ್ಲ. ಕಾಗದದ ಮೇಲೆ ಏನೋ ಬರೆದರು. ಮೊದಲು ಎಷ್ಟು ಎತ್ತರ ಇದ್ದಿರಿ ಎಂದು ಕೇಳಿದರು. ಯಾರು ಅಳೆದಿದ್ದಾರೆ, ಹೇಗೆ ಹೇಳಬೇಕು? ಹಾಗಿದ್ದರೆ ಎರಡೂ ಕೈ ಅಗಲಿಸಿ ಗೋಡೆಗೆ ಹಚ್ಚಿ ನಿಲ್ಲಿರಿ ಎಂದರು. ಉಡಚವ್ವ ಶಿಲುಬೆಗೆ ಏರಿಸಿದವಳಂತೆ ನಿಂತಳು. ಜ್ಯೋತಿ ಎಡಗೈ ನಡುಬೆರಳಿನ ತುದಿಗೊಂದು, ಬಲಗೈ ನಡುಬೆರಳಿನ ತುದಿಗೊಂದು ಗೆರೆ ಎಳೆದು ನಡುವಿನ ಉದ್ದ ಓದಿದಳು. ಸರಿಯಾಗಿ ಐದು ಅಡಿ.

"ಕೈಯಾಗಿನ ಎಲುಬು ಉದ್ದ ಕಡಿಮಿ ಆಗಂಗಿಲ್ರಿ," ಎಂದು ಡಾಕ್ಟರು ನಿಧಾನವಾಗಿ ಹೇಳಿದರು. "ಹರೇದಾಗ ಮನಷ್ಯಾರ ಎತ್ತರ, ಅಗಲಿಸಿದ ಕೈ ಉದ್ದ, ಹೆಚ್ಚು ಕಡಿಮಿ ಎರಡೂ ಒಂದ. ಅಂದ್ರ ನೀವು ಐದು ಅಡಿ ಇದ್ರಿ. ಬೆನ್ನಿನ ಮಣಿ ಒಂದರ ಮ್ಯಾಲ ಒಂದು ಕುಸದು ಐದು ಇಂಚು ಇಳದೀರಿ."

"ಯಾವಾಗ ಇಳದೇನ್ರಿ?"

"ಒಂದು ದಿನದಾಗ ಅಲ್ರಿ. ಹತ್ತು ಹದಿನೈದು ವರ್ಷದಿಂದ, ಚೂರು ಚೂರ. ನಿಮಗ ಗೊತ್ತಾಗಿರಂಗಿಲ್ಲ."

ಹೊರಗೆ ಬಂದ ಮೇಲೆ ಉಡಚವ್ವ ಜ್ಯೋತಿಯನ್ನು ಕೇಳಿದಳು: "ಐದು ಇಂಚು ಅಂದ್ರ ಎಷ್ಟವಾ?"

ಜ್ಯೋತಿ ಹೆಬ್ಬೆರಳು ತೋರುಬೆರಳು ಅಗಲಿಸಿ ಇಷ್ಟು ಎಂದು ತೋರಿಸಿದಳು. ಉಡಚವ್ವ ಆ ಕೈ ಹಿಡಿದುಕೊಂಡು ಬೆರಳುಗಳ ನಡುವಿನ ಖಾಲಿ ಜಾಗವನ್ನು ನೋಡಿದಳು. ಆ ಜಾಗ ಅವಳಿಗೆ ಗುರುತಿತ್ತು. ಅಡುಗೆಮನೆಯಲ್ಲಿ ಅವಳ ಎತ್ತಿದ ಕೈಗೂ ನೆಲುವಿನ ಮೇಲಿನ ಬೆಣ್ಣೆ ಗಡಿಗೆಯ ಬಾಯಿಗೂ ನಡುವೆ ಉಳಿದ ಜಾಗ ಅದು. ಅಷ್ಟು ಜಾಗದ ಸಲುವಾಗಿ ಅವಳು ಈ ಹುಡುಗಿಯ ಅವ್ವನ ಜೊತೆ ಆರು ವರ್ಷದಿಂದ ಮಾತು ಬಿಟ್ಟಿದ್ದಳು.

ನೆಲುವು ಅಂದರೆ ಏನು ಮಹಾ, ತೊಲೆಯಿಂದ ಇಳಿಬಿಟ್ಟ ಪುಂಡಿನಾರಿನ ಹಗ್ಗ, ಅದರ ತುದಿಗೆ ಒಂದು ಬಲೆ, ಬಲೆಯೊಳಗೆ ಗಡಿಗೆ. ಬೆಕ್ಕಿಗೆ, ಮಕ್ಕಳಿಗೆ ಸಿಗಬಾರದು, ಅಷ್ಟೆ. ಆದರೆ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮನೆತನ ಯಾರ ಕೈಯಲ್ಲಿದೆಯೋ ಅವಳ ಕೈಯಳತೆಗೆ ನೆಲುವು ಕಟ್ಟಬೇಕು. ಉಡಚವ್ವನಿಗೆ ಇಪ್ಪತ್ತಮೂರು ವರ್ಷವಾದಾಗ ಅತ್ತೆ ಒಂದು ಸೋಮವಾರ ತಲೆಗೆ ನೀರು ಎರೆಸಿ, ಹಸಿರು ಸೀರೆ ಉಡಿಸಿ, ತೊಲೆಯ ಕೆಳಗೆ ನಿಲ್ಲಿಸಿದಳು. "ಕೈ ಎತ್ತವಾ" ಎಂದಳು. ಮಾವ ಏಣಿ ಹತ್ತಿ ಹಳೆಯ ಗಂಟು ಬಿಚ್ಚಿ, ಸೊಸೆಯ ಅಂಗೈ ಗಡಿಗೆಯ ಬಾಯೊಳಗೆ ಸರಿಯಾಗಿ ಇಳಿಯುವಂತೆ ಹೊಸ ಗಂಟು ಹಾಕಿದ. ಅವತ್ತಿನಿಂದ ಯಾರಿಗೆ ಎಷ್ಟು ಬೆಣ್ಣೆ, ಯಾರ ಮನೆಗೆ ಎಷ್ಟು ಕಾಳು, ಎಲ್ಲವೂ ಉಡಚವ್ವನ ಮಾತು. ಹಿಂದಿನಿಂದ ಬಂದ ಹೊಳಿಯವ್ವ ಐರಣಿಯವಳು, ಹೊಳೆದಂಡೆಯ ಹೆಣ್ಣು, ಇವಳಿಗಿಂತ ಅರ್ಧ ಗೇಣು ಎತ್ತರ. ನೆಲುವಿಗೆ ಕೈ ಹಾಕುವಾಗ ಅವಳು ಮೊಣಕೈ ಮಡಚುತ್ತಿದ್ದಳು. ಅಕ್ಕನ ಅಳತೆ ಅಕ್ಕನದು, ಅದರ ಬಗ್ಗೆ ಅವಳಿಗೆ ಯಾವ ಹೊಟ್ಟೆಕಿಚ್ಚೂ ಇರಲಿಲ್ಲ.

ಆಮೇಲೆ ಯಾವಾಗಲೋ ಜಗತ್ತಿನಲ್ಲಿ ಇರುವುದೆಲ್ಲ ಮೇಲಕ್ಕೆ ಹೋಗತೊಡಗಿತು. ಸೀರೆ ನೆಲಕ್ಕೆ ಎಳೆಯುತ್ತಿತ್ತು. "ಈಗಿನವ್ರು ಸೀರಿ ಅಗಲ ಹೆಚ್ಚು ನೇಯತಾರ" ಎಂದು ಉಡಚವ್ವ ಟೊಂಕದಲ್ಲಿ ಇನ್ನೊಂದು ಮಡಿಕೆ ಸಿಕ್ಕಿಸಿದಳು. ಅಂಗಿ ಗೂಟ ಮೇಲೆ ಹೋಯಿತು, ದೇವರ ಜಗಲಿ ಮೇಲೆ ಹೋಯಿತು, ದನಕ್ಕೆ ಮೇವು ಹಾಕುವ ಗ್ವಾದಲಿಯೂ ಮೇಲೆ ಹೋಯಿತು. ಪ್ರತಿಯೊಂದಕ್ಕೂ ಅವಳ ಬಳಿ ಒಂದು ಕಾರಣ ಇತ್ತು. ಬೆನ್ನು ನೋಯುತ್ತಿತ್ತು ನಿಜ, ಆದರೆ ಬೆನ್ನು ನೋಯದ ಹೆಂಗಸು ಯಾವ ಊರಲ್ಲಿ ಇದ್ದಾಳೆ.

ಆರು ವರ್ಷದ ಹಿಂದೆ, ಪಂಚಮಿ ಹಬ್ಬಕ್ಕೆ ಎರಡು ದಿನ ಇದ್ದಾಗ, ಉಂಡಿಗೆ ತುಪ್ಪ ಕಾಸಲು ಅವಳು ನೆಲುವಿಗೆ ಕೈ ಎತ್ತಿದಳು. ತುದಿಗಾಲಲ್ಲಿ ನಿಂತಳು. ಬೆರಳು ಗಡಿಗೆಯ ಹೊಟ್ಟೆಗೆ ತಾಗಿತು, ಬಾಯಿ ಸಿಗಲಿಲ್ಲ.

"ನೆಲುವು ಯಾರು ಮ್ಯಾಲ ಕಟ್ಟಿದವ್ರು?"

ಶೇಂಗಾ ಹುರಿಯುತ್ತಿದ್ದ ಹೊಳಿಯವ್ವ ತಿರುಗಿ ನೋಡಿದಳು. "ಯಾರೂ ಕಟ್ಟಿಲ್ಲ ಯಕ್ಕಾ."

"ನಿನ್ನ ಕೈ ಅಳತಿಗೆ ಕಟ್ಟಿಸಿಕೊಂಡಿ. ನಾ ಸಾಯೂತನಾ ತಡಕೊಳ್ಳಾಕ ಆಗಲಿಲ್ಲೇನ ನಿನಗ?"

"ಮೈಲಾರಲಿಂಗನ ಆಣಿ, ಮುಟ್ಟಿಲ್ಲ. ಗಂಟು ನೋಡು, ಮಸಿ ಹಂಗ ಐತಿ. ಕತ್ತೆತ್ತಿ ನೋಡು ಬೇಕಾರ."

ಕತ್ತೆತ್ತಲು ಉಡಚವ್ವನಿಗೆ ಬರುತ್ತಿರಲಿಲ್ಲ. ತೊಲೆ ನೋಡಿ ಅದಾಗಲೇ ಎಷ್ಟೋ ವರ್ಷ ಆಗಿತ್ತು. ಅದನ್ನು ಹೇಳುವುದಕ್ಕಿಂತ ಬೈಯುವುದು ಸಸಾರ. "ನಾ ಯಾಕ ನೋಡ್ಲಿ? ನನ್ನ ಕೈಗೆ ಗೊತ್ತೈತಿ" ಎಂದಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಹೊಳಿಯವ್ವನ ತಾಳ್ಮೆ ಹರಿದುಹೋಯಿತು.

"ನೆಲುವು ಎಲ್ಲೂ ಹೋಗಿಲ್ಲ. ನೀನ ಗಿಡ್ಡ ಆಗೀದಿ. ಊರಿಗೆಲ್ಲಾ ಕಾಣತೈತಿ, ನಿನಗೊಬ್ಬಾಕಿಗೆ ಕಾಣವಲ್ದು."

ಸಾಕಾಯಿತು. ಅವತ್ತೇ ಉಡಚವ್ವ ತನ್ನ ಎರಡು ಗಡಿಗೆ, ಒಂದು ಹಂಚು, ಹಾಸಿಗೆ ಎತ್ತಿಕೊಂಡು ಪಡಸಾಲೆಯ ಪಕ್ಕದ ಕೋಣೆಗೆ ಹೋಗಿ ಬೇರೆ ಒಲೆ ಹೂಡಿದಳು. ಎರಡು ಎಮ್ಮೆಗಳಲ್ಲಿ ಒಂದನ್ನು ತನ್ನದೆಂದು ಬೇರೆ ಗೂಟಕ್ಕೆ ಕಟ್ಟಿದಳು. ಮೈದುನ ಗುಡದಪ್ಪ ಏಣಿ ತಂದು, "ಅತ್ತಿಗಿ, ಅರ್ಧ ಗೇಣು ಇಳಿಸಿ ಕೊಡ್ತೇನಿ, ಮುಗಿಸಿಬಿಡ್ರಿ" ಎಂದ. "ಕದ್ದದ್ದನ್ನ ತಿರುಗಿ ತಂದಿಟ್ರ ಕಳುವಲ್ಲೇನ?" ಎಂದು ಕೇಳಿದಳು. ಅವನು ಏಣಿ ಹೊತ್ತುಕೊಂಡು ವಾಪಸು ಹೋದ. ಪಾಪ, ಅವನು ಯಾವಾಗಲೂ ಹಾಗೆಯೇ ವಾಪಸು ಹೋಗುವವನು.

ಮೂರು ವರ್ಷದ ಹಿಂದೆ ಅದೇ ಅಂಗಳದಲ್ಲಿ ಹಂದರ ಹಾಕಿ ಜ್ಯೋತಿಯ ಮದುವೆ ಮಾಡಿದರು. ಯಾರೋ ಹುಡುಗಿ ಉಡಚವ್ವನ ಕೋಣೆಗೂ ತಾಳಿ ಕಟ್ಟುವಾಗ ಹಾಕುವ ಅಕ್ಕಿಕಾಳು ತಂದುಕೊಟ್ಟಳು. ವಾಲಗದ ಸದ್ದು ಜೋರಾದಾಗ ಉಡಚವ್ವ ಅಕ್ಕಿಕಾಳಿನ ಮುಷ್ಟಿ ಬಿಗಿಹಿಡಿದು ಬಾಗಿಲ ತನಕ ಬಂದಳು. ಹೊಸಲು ದಾಟಲಿಲ್ಲ. ಆಮೇಲೆ ಅದನ್ನು ಅರಿವೆಯಲ್ಲಿ ಕಟ್ಟಿ ಗೋಡೆಯ ಗೂಡಿನಲ್ಲಿ ಇಟ್ಟಳು. ಜ್ಯೋತಿ ಆ ಮಾತನ್ನು ಇವತ್ತಿನವರೆಗೂ ಎತ್ತಿರಲಿಲ್ಲ.

ಶಾಲೆಯಿಂದ ಬಂದ ದಿನವೇ ಹೊಳಿಯವ್ವನಿಗೆ ಹೇಳಿಬಿಡಬೇಕು ಎಂದುಕೊಂಡಿದ್ದಳು ಉಡಚವ್ವ. ಹೇಳುವುದೇನು ದೊಡ್ಡದು, ತಪ್ಪಾತು ಅಂದರೆ ಮುಗಿಯಿತು. ಆದರೆ ಆರು ವರ್ಷ ಓಣಿಗೆಲ್ಲ ಕೇಳುವಂತೆ ಬೈದ ಬಾಯಿಗೆ ಅಷ್ಟೇ ಅಷ್ಟು ಮಾತು ಬರಲಿಲ್ಲ. ಇವತ್ತು ಸೋಮವಾರ, ಇವತ್ತು ಅವಳಿಗೆ ಕೆಲಸ ಬಹಳ, ಇವತ್ತು ಗುಡದಪ್ಪ ಮನೆಯಲ್ಲಿದ್ದಾನೆ, ಹೀಗೆ ಎಂಟು ದಿನ ಹೋದವು. ಜ್ಯೋತಿ ಕೊಟ್ಟ ಗುಳಿಗೆ ನುಂಗುತ್ತಿದ್ದಳು. ದಿನಕ್ಕೆ ಒಂದು ಲೋಟ ಹಾಲು ಕುಡಿ ಎಂದಿದ್ದಳು ಹುಡುಗಿ. ಮೊದಲ ದಿನ ಲೋಟ ಬಾಯಿಗೆ ಹಚ್ಚಿದಾಗ ಉಡಚವ್ವನಿಗೆ ತಾನು ಕದಿಯುತ್ತಿರುವೆನೇನೋ ಎನ್ನಿಸಿತು.

ಒಬ್ಬರಿಗೊಬ್ಬರು ಹೇಳಬೇಕಾದದ್ದು ಇದ್ದಾಗ ಎಮ್ಮೆಗಳಿಗೆ ಹೇಳುವುದು ಆ ಮನೆಯ ರೂಢಿಯಾಗಿತ್ತು. ಒಂಬತ್ತನೆಯ ದಿನ ಬೆಳಿಗ್ಗೆ ಹಾಲು ಹಿಂಡುತ್ತಾ ಉಡಚವ್ವ ತನ್ನ ಎಮ್ಮೆಗೆ ಜೋರಾಗಿ ಹೇಳಿದಳು: "ಏನವಾ, ವಯಸ್ಸಾದ ಮ್ಯಾಲ ಮನಷ್ಯಾರು ಗಿಡ್ಡ ಆಗ್ತಾರಂತ. ಡಾಕ್ಟರ್ ಹೇಳಿದ್ರು ಮೊನ್ನಿ."

ಆಚೆ ಸೆಗಣಿ ಬಾಚುತ್ತಿದ್ದ ಹೊಳಿಯವ್ವನ ಕೈ ನಿಂತಿತು. ಆಮೇಲೆ ಅವಳು ತನ್ನ ಎಮ್ಮೆಯ ಬೆನ್ನು ತಟ್ಟಿದಳು.

"ಕೇಳಿದೇನ? ಡಾಕ್ಟರ್ ಹೇಳಿದ್ರ ಖರೇ. ಮನ್ಯಾಗಿನವ್ರು ಹೇಳಿದ್ರ ಸುಳ್ಳು."

ಬುಟ್ಟಿ ಟೊಂಕಕ್ಕೆ ಏರಿಸಿಕೊಂಡು ಹೊರಟುಹೋದಳು. ಉಡಚವ್ವನ ಮುಖಕ್ಕೆ ಹೊಡೆದಂತಾಯಿತು. ಹಾಲಿನ ಚರಿಗೆ ಹಿಡಿದು ಕುಳಿತವಳಿಗೆ ಹಳೆಯ ಸಿಟ್ಟು ಮೊಳೆಯಿತು. ತಾನು ಗಿಡ್ಡ ಆಗಿರಬಹುದು. ಆದರೆ ಅದರ ಜೊತೆಗೆ ಅವಳು ನೆಲುವನ್ನೂ ಏರಿಸಿಲ್ಲ ಎಂದು ಯಾರು ಹೇಳಬೇಕು? ಎರಡೂ ಆಗಿರಬಹುದಲ್ಲ. ಇಂಥ ಲೆಕ್ಕ ಹಾಕುವುದರಲ್ಲಿ ಉಡಚವ್ವ ಬಹಳ ಶಾಣ್ಯಾಕಿ. ಗಂಟನ್ನು ಕಣ್ಣಾರೆ ನೋಡಿದ ಮೇಲೆಯೇ ಬಾಯಿ ಬಿಡುವುದು ಎಂದು ನಿರ್ಧಾರ ಮಾಡಿದಳು.

ಊಟದ ಹೊತ್ತಿಗೆ ಹೊಳಿಯವ್ವ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದಳು. ಉಡಚವ್ವ ಆರು ವರ್ಷದ ಮೇಲೆ ಅಡುಗೆಮನೆಯ ಹೊಸಲು ದಾಟಿದಳು. ಒಲೆ ಸಾರಿಸಿತ್ತು, ರೊಟ್ಟಿ ಬುಟ್ಟಿಯ ಮೇಲೆ ಬಿಳಿ ಅರಿವೆ ಹೊದಿಸಿತ್ತು, ಕಾರದ ಡಬ್ಬಿ ತಾನು ಇಡುತ್ತಿದ್ದ ಜಾಗದಲ್ಲೇ ಇತ್ತು. ನೆಲುವಿನ ಕೆಳಗೆ ನಿಂತು ಕತ್ತು ಎತ್ತಿದಳು. ಎದುರಿನ ಗೋಡೆಯ ಅರ್ಧದವರೆಗೆ ಕಂಡಿತು, ಅದಕ್ಕಿಂತ ಮೇಲೆ ಕತ್ತು ಹೋಗಲಿಲ್ಲ. ಒಂದು ಮಣೆಯ ಮೇಲೆ ಇನ್ನೊಂದು ಮಣೆ ಇಟ್ಟಳು. ಗೋಡೆ ಹಿಡಿದು ಹತ್ತಿದಳು. ನೆಲುವಿನ ಹಗ್ಗವನ್ನು ಒಂದು ಕೈಯಲ್ಲಿ ಹಿಡಿದು, ಕತ್ತು ಎತ್ತಲಾಗದ್ದಕ್ಕೆ ಇಡೀ ಮೈಯನ್ನೇ ಹಿಂದಕ್ಕೆ ಬಾಗಿಸಿದಳು.

ಮಣೆ ಜಾರಿತು. ಅವಳು ಬಿದ್ದದ್ದು ಬಹಳ ಎತ್ತರದಿಂದೇನಲ್ಲ, ಎರಡು ಮಣೆಯಷ್ಟೆ. ಒಣಗಿದ ಹತ್ತಿಕಟ್ಟಿಗೆ ಮುರಿದಂತೆ ಒಂದು ಸದ್ದು ತೊಡೆಯ ಸಂದಿಯಲ್ಲಿ ಕೇಳಿಸಿತು. ಕಾಲು ತನ್ನದಲ್ಲ ಅನ್ನಿಸಿತು. ಕೂಗಬೇಕೆಂದರೆ ಉಸಿರು ಸಾಲಲಿಲ್ಲ.

ಅಂಗಾತ ಬಿದ್ದಿದ್ದಳು. ರೊಟ್ಟಿ ಬುಟ್ಟಿ ತಲೆಯ ಕೆಳಗೆ ಸಿಕ್ಕಿ ಅವಳ ಗೂನಿಗೆ ಆಸರೆಯಾಗಿತ್ತು. ಕಣ್ಣು ತೆರೆದಾಗ ಎದುರಿಗೆ ಇದ್ದದ್ದು ತೊಲೆ.

ಗಂಟು ಕಂಡಿತು. ಮಾವ ಹಾಕಿದ ಗಂಟು. ನಲವತ್ತು ವರ್ಷದ ಹೊಗೆ ಕುಡಿದು ಹಗ್ಗ ಯಾವುದು, ತೊಲೆ ಯಾವುದು ಗೊತ್ತಾಗದಷ್ಟು ಕಪ್ಪಾಗಿತ್ತು. ಗಂಟಿನ ಒಂದು ಮಗ್ಗುಲಿಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟಿ ಬಿಟ್ಟುಹೋಗಿತ್ತು. ಅರ್ಧ ಹಗ್ಗದ ಮೇಲೆ, ಅರ್ಧ ತೊಲೆಯ ಮೇಲೆ, ಒಣಗಿ ಮಸಿ ಹತ್ತಿದ ಗೂಡು. ಗಂಟನ್ನು ಒಂದು ಎಳೆಯಷ್ಟು ಸಡಿಲಿಸಿದ್ದರೂ ಅದು ಉದುರುತ್ತಿತ್ತು. ಉಡಚವ್ವ ನೋಡುತ್ತಲೇ ಮಲಗಿದ್ದಳು. ಬೇರೆ ಕಡೆ ನೋಡಲು ಬರುತ್ತಿರಲಿಲ್ಲ. ಆರು ವರ್ಷ ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನೆದುಕೊಳ್ಳಲು ಅವಳಿಗೆ ಎರಡು ತಾಸು ಸಿಕ್ಕಿತು.

ಹೊಲದಿಂದ ಬಂದ ಹೊಳಿಯವ್ವ ಬಾಗಿಲಲ್ಲೇ ಬುಟ್ಟಿ ಬಿಟ್ಟಳು.

"ಯಕ್ಕಾ."

"ನೀ ಮುಟ್ಟಿಲ್ಲ," ಎಂದಳು ಉಡಚವ್ವ. "ಗಂಟು ಮುಟ್ಟಿಲ್ಲ ನೀ."

"ಈಗ್ಯಾಕ ಅದು. ಅಲುಗಾಡಬ್ಯಾಡ, ಸುಮ್ಕ ಇರು."

ಜ್ಯೋತಿಗೆ ಫೋನು ಮಾಡಿದರು. ಟೆಂಪೋದಲ್ಲಿ ಹಾಸಿಗೆ ಹಾಸಿ ರಾಣೇಬೆನ್ನೂರಿಗೆ ಒಯ್ದರು. ತೊಡೆಯ ಎಲುಬು ಟೊಂಕ ಕೂಡುವಲ್ಲಿ ಮುರಿದಿತ್ತು. ಆಪರೇಶನ್ ಮಾಡಿದರೆ ಒಳ್ಳೆಯದು, ಆದರೆ ಎದೆ ಬಡಿತ ನೋಡಿದ ಇನ್ನೊಬ್ಬ ಡಾಕ್ಟರು ಬೇಡವೆಂದರು, ಈ ಹೃದಯ ತಡೆಯುವುದಿಲ್ಲ ಎಂದರು. ಹದಿನೈದು ದಿನಕ್ಕೆ ಮನೆಗೆ ಕಳುಹಿಸಿದರು. ಡಾಕ್ಟರ್ ವೀರೇಂದ್ರ ಜ್ಯೋತಿಯನ್ನು ಬದಿಗೆ ಕರೆದು ಮೆತ್ತಗೆ ಏನೋ ಹೇಳಿದರು. ಅವಳು ಹೊರಗೆ ಬಂದು ನಳದ ಕೆಳಗೆ ಮುಖ ತೊಳೆದುಕೊಂಡಳು.

ಮನೆಗೆ ತಂದಾಗ ಗುಡದಪ್ಪ ಪಡಸಾಲೆಯ ಕೋಣೆಯ ಕಡೆ ತಿರುಗಿದ.

"ಅಲ್ಲಿ ಬ್ಯಾಡ," ಎಂದಳು ಹೊಳಿಯವ್ವ. "ಒಳಗ ಹೊರಗ ಓಡಾಡಾಕ ನನಗಾಗಂಗಿಲ್ಲ. ಅಡಗಿಮನ್ಯಾಗ ಹಾಸ್ರಿ, ಒಲಿ ಮುಂದ."

ಹಾಗೆ ಉಡಚವ್ವ ತಾನು ಬಿಟ್ಟುಹೋದ ಮನೆಯೊಳಗೆ, ಬಿದ್ದ ಜಾಗದಲ್ಲೇ, ಬೆನ್ನಿಗೆ ಎರಡು ದಿಂಬು ಕೊಟ್ಟುಕೊಂಡು ಮಲಗಿದಳು. ಹೊಳಿಯವ್ವ ಎಲ್ಲ ಮಾಡಿದಳು. ಮೈ ಒರೆಸಿದಳು, ಹೇಲು ಉಚ್ಚೆ ಬಾಚಿದಳು, ಮೆತ್ತಗೆ ಅಂಬಲಿ ಮಾಡಿ ಚಮಚದಿಂದ ಹಾಕಿದಳು. ಮಾತು ಮಾತ್ರ ಬೇಕಾದಷ್ಟೇ. ಹೊರಳು, ಬಾಯಿ ತೆರಿ, ಬಿಸಿ ಐತೇನು. ಮುಖದ ಮೇಲೆ ನಗು ಇಲ್ಲ, ಸಿಟ್ಟೂ ಇಲ್ಲ. ಬೈದರೂ ಚಲೋ ಇತ್ತು ಎಂದು ಉಡಚವ್ವನಿಗೆ ಅನ್ನಿಸುತ್ತಿತ್ತು.

ಒಂದು ದಿನ ಸಂಜೆಯ ಮುಂದೆ ತಲೆಗೆ ಎಣ್ಣೆ ಹಚ್ಚುತ್ತಾ ಕುಳಿತಿದ್ದ ಹೊಳಿಯವ್ವನ ಕೈ ತಟ್ಟನೆ ನಿಂತಿತು.

"ನನಗ ಬೈದಿ, ಇರ್ಲಿ. ಕಳ್ಳಿ ಅಂದಿ, ಇರ್ಲಿ. ಆ ಹುಡಿಗಿ ಲಗ್ನದಾಗ ಅಕ್ಕಿಕಾಳು ಹಾಕಾಕ ಬರ್ಲಿಲ್ಲ ನೀ. ತಾಳಿ ಕಟ್ಟೂವಾಗ ಅಕಿ ಕಣ್ಣು ನಿನ್ನ ಬಾಗಲದ ಮ್ಯಾಲ ಇತ್ತು. ನಾ ಹಡದಾಕಿ ಮಗ್ಗಲಕ್ಕ ನಿಂತಿದ್ದೆ, ನನ್ನ ನೋಡ್ಲಿಲ್ಲ ಅಕಿ. ಅದನ್ನ ಹ್ಯಾಂಗ ಮರೀಲಿ?"

ಉಡಚವ್ವ ಅತ್ತಳು. ಮಲಗಿದಲ್ಲೇ ಅತ್ತದ್ದಕ್ಕೆ ಕಣ್ಣೀರು ಕಿವಿಯೊಳಗೆ ಹೋಯಿತು. ಹೊಳಿಯವ್ವ ಸೆರಗಿನ ತುದಿಯಿಂದ ಕಿವಿ ಒರೆಸಿದಳು, ಆಮೇಲೆ ತನ್ನ ಕಣ್ಣನ್ನೂ ಅದರಿಂದಲೇ ಒರೆಸಿಕೊಂಡಳು.

"ನನ್ನ ಖೋಲ್ಯಾಗ ಗೂಡಿನಾಗ ಒಂದು ಗಂಟು ಐತಿ," ಎಂದಳು ಉಡಚವ್ವ. "ತಗೊಂಡು ಬಾ."

ಅರಿವೆ ಬಿಚ್ಚಿದಾಗ ಅರಿಶಿನದ ಬಣ್ಣ ಹೋಗಿ ಬೆಳ್ಳಗಾದ ಒಂದು ಮುಷ್ಟಿ ಅಕ್ಕಿ ಇತ್ತು. ನುಸಿ ಹಿಡಿದಿತ್ತು. ಹೊಳಿಯವ್ವ ಅದನ್ನು ಬಹಳ ಹೊತ್ತು ನೋಡಿದಳು, ತಿರುಗಿ ಕಟ್ಟಿ ದಿಂಬಿನ ಮಗ್ಗುಲಿಗೆ ಇಟ್ಟಳು. ಶನಿವಾರ ಜ್ಯೋತಿ ಬಂದಳು. ಉಡಚವ್ವ ಅವಳನ್ನು ಹತ್ತಿರ ಕರೆದು, ತಲೆ ಬಗ್ಗಿಸು ಎಂದು, ಆ ಅಕ್ಕಿಯನ್ನು ನೆತ್ತಿಯ ಮೇಲೆ ಹಾಕಿದಳು. ಕಾಳು ಜ್ಯೋತಿಯ ಕೂದಲಲ್ಲಿ, ಹಾಸಿಗೆಯ ಮೇಲೆ, ನೆಲದ ಮೇಲೆ ಬಿದ್ದವು. ಅವತ್ತು ಯಾರೂ ಕಸ ಗುಡಿಸಲಿಲ್ಲ.

ಅದಾಗಿ ಒಂದು ವಾರಕ್ಕೆ ಉಡಚವ್ವ ಗುಡದಪ್ಪನನ್ನು ಕೂಗಿ ಕರೆದಳು. "ಏಣಿ ತಗೊಂಡು ಬಾರೋ."

ಗುಡದಪ್ಪ ಹೆಂಡತಿಯ ಮುಖ ನೋಡಿದ. ಏಣಿ ಎಂಬ ಮಾತು ಕೇಳಿದರೆ ಅವನಿಗೆ ಇನ್ನೂ ಅಂಜಿಕೆ.

"ಹೊಳಿಯವ್ವಾ, ಇಲ್ಲಿ ಕೆಳಗ ನಿಂದ್ರು," ಎಂದಳು ಉಡಚವ್ವ. "ಕೈ ಎತ್ತು. ನಿನ್ನ ಕೈ ಅಳತಿಗೆ ಕಟ್ಟಲಿ. ಅತ್ತಿ ನನಗ ಹಸರು ಸೀರಿ ಉಡಿಸಿದ್ಲು. ನನ್ನ ಟ್ರಂಕಿನಾಗ ಒಂದು ಐತಿ, ಮಡಿಕಿ ಬಿಚ್ಚಿಲ್ಲ. ಅದನ್ನ ಉಟಗೊಂಡು ಬಾ."

"ಈಗೇನು ಅವಸರ ಐತಿ. ನೀ ಎದ್ದ ಮ್ಯಾಲ ನೋಡೂಣು."

"ನಾ ಏಳಂಗಿಲ್ಲ. ನಿನಗೂ ಗೊತ್ತೈತಿ."

ಹೊಳಿಯವ್ವ ಒಲೆಯ ಮೇಲಿನ ಹಂಚು ಇಳಿಸಿದಳು, ಹಿಟ್ಟಿನ ಕೈ ತೊಳೆದಳು. ಸೀರೆ ಉಡಲು ಹೋಗಲಿಲ್ಲ. ಗಂಡನಿಗೆ "ಬಿಚ್ರಿ" ಎಂದಷ್ಟೇ ಹೇಳಿ ಗಡಿಗೆ ಇಳಿಸಿಕೊಂಡಳು.

ಗುಡದಪ್ಪ ಏಣಿ ಹತ್ತಿದ. ಬರಿಗೈಯಿಂದ ಗಂಟು ಬಿಚ್ಚಲು ಬರಲಿಲ್ಲ. ಕುಡಗೋಲಿನ ತುದಿ ಹಾಕಿ ಮೀಟಬೇಕಾಯಿತು. ಕಣಜದ ಗೂಡು ಒಡೆದು ಮಣ್ಣು ಉದುರಿತು, ನಲವತ್ತು ವರ್ಷದ ಮಸಿ ಉಡಚವ್ವನ ಹೊದಿಕೆಯ ಮೇಲೆ, ಹಣೆಯ ಮೇಲೆ ಬಿತ್ತು. ಹಗ್ಗ ಸಾಲದ್ದಕ್ಕೆ ಹೊಳಿಯವ್ವ ಎಮ್ಮೆ ಕಟ್ಟುವ ಹಗ್ಗ ತಂದು ಜೋಡಿಸಿದಳು. ಮೇಲೆ ಕಟ್ಟುವುದಕ್ಕೆ ಉದ್ದ ಹಗ್ಗ ಯಾಕೆ ಎಂದು ಗುಡದಪ್ಪನಿಗೆ ತಿಳಿಯಲಿಲ್ಲ.

"ಎಲ್ಲಿ ತನಕ ಬಿಡ್ಲಿ?"

"ಇನ್ನೂ ಕೆಳಗ ಬಿಡ್ರಿ."

"ನಿನ್ನ ಎದಿ ಮಟಾ ಬಂತಲ್ಲ."

"ಇನ್ನೂ ಕೆಳಗ."

ಟೊಂಕ ದಾಟಿತು, ಮೊಣಕಾಲು ದಾಟಿತು. ಹೊಳಿಯವ್ವ ಹಾಸಿಗೆಯ ಮಗ್ಗುಲಿಗೆ ಕುಳಿತು ಬಲೆಯೊಳಗೆ ಗಡಿಗೆ ಕೂಡಿಸಿದಳು.

"ಯಕ್ಕಾ, ಕೈ ಎತ್ತು."

ಉಡಚವ್ವ ಅವಳನ್ನು ನೋಡಿದಳು.

"ಎತ್ತಂತೇನಿ. ಮ್ಯಾಲ ಅವ್ರು ಎಷ್ಟೊತ್ತು ಹಿಡಕೊಂಡು ನಿಂದ್ರಬೇಕು?"

ಉಡಚವ್ವ ಮಲಗಿದಲ್ಲಿಂದಲೇ ಬಲಗೈ ಎತ್ತಿದಳು. ಬೆರಳು ಗಡಿಗೆಯ ಕಂಠಕ್ಕೆ ತಾಗಿದವು. ಹೊಳಿಯವ್ವ ಇನ್ನೆರಡು ಬೆರಳಷ್ಟು ಇಳಿಸಲು ಹೇಳಿದಳು. ಅಂಗೈ ಗಡಿಗೆಯ ಬಾಯೊಳಗೆ ಇಳಿಯಿತು, ತಣ್ಣಗಿನ ಬೆಣ್ಣೆ ಬೆರಳಿಗೆ ಹತ್ತಿತು.

"ಇಲ್ಲೇ ಗಂಟು ಹಾಕ್ರಿ," ಎಂದಳು ಹೊಳಿಯವ್ವ.

ಬೆಕ್ಕಿಗೆ ಹಬ್ಬವಾಯಿತು ಎಂದು ಓ‍ಣಿಯವರು ನಕ್ಕರು. ಜಾಹೀದಾ ನೋಡಲು ಬಂದವಳು ನೆಲುವಿಗೆ ಕಾಲು ಎಡವಿದಳು. ಹೊಳಿಯವ್ವ ಗಡಿಗೆಯ ಬಾಯಿಗೆ ಒಂದು ಚಪ್ಪಟೆ ಕಲ್ಲು ಮುಚ್ಚಿದಳು. ಯಾರಾದರೂ ಬೆಣ್ಣೆ ಕೇಳಿ ಬಂದರೆ, "ಅಕ್ಕನ್ನ ಕೇಳ್ರಿ" ಎನ್ನುತ್ತಿದ್ದಳು. ಉಡಚವ್ವ ಕೈ ಹಾಕಿ ತೆಗೆದುಕೊಡುತ್ತಿದ್ದಳು. ಕೊಡುವಾಗ ಮೊದಲಿನ ಹಾಗೆಯೇ, ಇಷ್ಟು ಸಾಕಲ್ಲ, ಹೆಚ್ಚಿಗೆ ಯಾಕ ಬೇಕು ನಿಮಗ, ಎಂದು ಗೊಣಗುತ್ತಿದ್ದಳು. ಹೊಳಿಯವ್ವ ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಿದ್ದಳು.

ಹೀಗೆ ಎರಡು ತಿಂಗಳು. ಯುಗಾದಿಗೆ ನಾಲ್ಕು ದಿನ ಮುಂಚೆ ಉಡಚವ್ವನಿಗೆ ಕಫ ಕಟ್ಟಿತು. ಎರಡನೆಯ ದಿನ ಬೆಳಿಗ್ಗೆ, ಹಾಲು ಹಿಂಡಿಕೊಂಡು ಹೊಳಿಯವ್ವ ಒಳಗೆ ಬರುವಷ್ಟರಲ್ಲಿ, ಮುಗಿದಿತ್ತು.

ಜ್ಯೋತಿಲಕ್ಷ್ಮಿ ತಿಂಗಳ ಮೇಲೆ ಬಂದಾಗ ಅಡುಗೆಮನೆ ಸಾರಿಸಿ ಸ್ವಚ್ಛವಾಗಿತ್ತು. ಹಾಸಿಗೆ ಇರಲಿಲ್ಲ. ಖಾಲಿ ನೆಲದ ಮೇಲೆ, ಒಂದು ಮೊಳ ಎತ್ತರದಲ್ಲಿ, ನೆಲುವು ತೂಗುತ್ತಿತ್ತು. ಹೊಳಿಯವ್ವ ರೊಟ್ಟಿಗೆ ಬೆಣ್ಣೆ ಬೇಕೆಂದು ಎದ್ದುಬಂದು ಅದರ ಮುಂದೆ ಬಗ್ಗಿದಳು. ಅರ್ಧಕ್ಕೆ ನಿಂತು ಟೊಂಕ ಹಿಡಿದುಕೊಂಡಳು.

"ಅವ್ವಾ, ಹಂಗ ಬಗ್ಗಬ್ಯಾಡ. ನಿನಗೂ ಐವತ್ತೆಂಟಾತು, ನಿನ್ನ ಎಲುಬು ಇನ್ನೂ ತಪಾಸ ಮಾಡಿಸಿಲ್ಲ. ಅಪ್ಪಗ ಹೇಳಿ ಮ್ಯಾಲ ಕಟ್ಟಿಸು ಅದನ್ನ. ನಿನ್ನ ಅಳತಿಗೆ."

"ಕಟ್ಟಿಸೂಣು ತಗೊ," ಎಂದಳು ಹೊಳಿಯವ್ವ.

ನೆಲಕ್ಕೆ ಒಂದು ಕೈ ಊರಿ, ನೆಲುವಿನ ಮಗ್ಗುಲಿಗೆ ನಿಧಾನವಾಗಿ ಕುಳಿತಳು. ಕಲ್ಲು ಸರಿಸಿದಳು. ಬೆಣ್ಣೆ ತೆಗೆದುಕೊಂಡು ಬೆರಳನ್ನು ಗಡಿಗೆಯ ಅಂಚಿಗೆ ಒರೆಸಿ, ಕಲ್ಲು ತಿರುಗಿ ಮುಚ್ಚಿ, ತೂಗುತ್ತಿದ್ದ ಹಗ್ಗವನ್ನು ನಿಲ್ಲುವವರೆಗೆ ಹಿಡಿದುಕೊಂಡಳು.